‘ಮಸುಕಾದ ಗೆಲಾಕ್ಸಿ’ ಎನ್ನಬಹುದೇ?

ಪ್ರಶ್ನೆ:
ಹವ್ಯಾಸಿಗಳು ದೂರದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಸುರುಳಿ ಗೆಲಾಕ್ಸಿಗಳ ಚಿತ್ರ ತೆಗೆಯುವ ಬಗ್ಗೆ ಒಂದು ಕೈಪಿಡಿಯ ಕರಡು ತಿದ್ದುವುದಿದೆ. ಉದಾಹರಣೆಗೆ ಇಟ್ಟುಕೊಂಡಿರುವುದು ತ್ರಿಕೋಣ ಪುಂಜದ ಎಂ33. ಸಲಕರಣೆ ಇಷ್ಟು: 80 ಮಿ.ಮೀ. ಮಸೂರದ, 480 ಮಿ.ಮೀ. ಸಂಗಮದೂರದ ದೂರದರ್ಶಕ, ಡಿಎಸ್‌ಎಲ್‌ಆರ್, ಮೋಟಾರಿರುವ ಈಕ್ವಟೋರಿಯಲ್ ಮೌಂಟ್ (ಆಕಾಶ ತಿರುಗಿದಂತೆ ದೂರದರ್ಶಕವನ್ನೂ ತಿರುಗಿಸುವ ನಿಲುವು). ‘ಫೇಂಟ್’ ಎಂಬುದಕ್ಕೆ ಉದ್ದಕ್ಕೂ ‘ಮಸುಕು’ ಎಂದಿದೆ. ಹಾಗಾಗಿ ಒಂದು ಪುಟದಲ್ಲಿ ‘ಚಿತ್ರ ಮಸುಕಾಗಿದ್ದರೆ ಎಕ್ಸ್‌ಪೋಶರ್ ಹೆಚ್ಚಿಸಿ’ ಎಂದು ಬಂದರೆ, ಮೂರು ಪುಟ ದಾಟಿದ ಮೇಲೆ ‘ಚಿತ್ರ ಮಸುಕಾಗಿದ್ದರೆ ಫೋಕಸ್ ಸರಿಪಡಿಸಿ’ ಎಂದಿದೆ. ಮಂಕು, ಮಬ್ಬು, ಮಂದ, ಕ್ಷೀಣ ಇವುಗಳಲ್ಲಿ ಯಾವುದು ಒಗ್ಗೀತು? ಆಮೇಲೆ ದೋಷ ಕಳೆಯಲೆಂದು ತೆಗೆದಿಡುವ ‘ಡಾರ್ಕ್ ಫ್ರೇಮ್’, ‘ಫ್ಲಾಟ್ ಫ್ರೇಮ್’ಗಳನ್ನು ‘ಕಪ್ಪು ಚೌಕಟ್ಟು’, ‘ಚಪ್ಪಟೆ ಚೌಕಟ್ಟು’ ಮಾಡಿರುವುದೂ ಸರಿ ಕಾಣುತ್ತಿಲ್ಲ.

ಉತ್ತರ 1:
‘ಮಸುಕು’ ಒಂದರ ತಲೆಗೇ ನಾಲ್ಕು ದೋಷ ಕಟ್ಟಿದ್ದಾರೆ. ಒಂದೊಂದಕ್ಕೂ ಮದ್ದು ಬೇರೆ, ಪದವೂ ಬೇರೆ ಇರಲಿ.

‘ಕ್ಷೀಣ’ ಮೊದಲೇ ಬೇಡ. ಇದ್ದದ್ದು ಕರಗುತ್ತ ಬಂದರೆ ಕ್ಷೀಣ. ಕೃಷ್ಣಪಕ್ಷದ ಚಂದ್ರನಿಗೆ ಸಲ್ಲುತ್ತದೆ. ಎಂ33 ಕರಗುತ್ತಿಲ್ಲ. ‘ಮಂಕು’ ಮುಖಕ್ಕೂ ಬುದ್ಧಿಗೂ ಅಂಟಿಕೊಂಡ ಮಾತು.

‘ಮಂದ’ ಎಂದರೆ ಒಟ್ಟು ಬೆಳಕೇ ಕಡಿಮೆ. ನಕ್ಷತ್ರಕ್ಕೆ ಸರಿ, ಎಂ33ಕ್ಕೆ ತಪ್ಪು. ಅದರ ಒಟ್ಟು ಕಾಂತಿಮಾನ 5.7. (ಈ ಅಳತೆಯಲ್ಲಿ ಅಂಕಿ ಏರಿದಂತೆ ಬೆಳಕು ಇಳಿಯುತ್ತದೆ.) ವೀಣಾ ಪುಂಜದ ಉಂಗುರ ನೀಹಾರಿಕೆಯದು 8.8, ಅಂದರೆ ಹದಿನೈದು ಪಟ್ಟಿಗೂ ಮೀರಿ ಕಡಿಮೆ ಬೆಳಕು. ಆದರೂ ಸಣ್ಣ ದೂರದರ್ಶಕಕ್ಕೆ ಉಂಗುರ ಸುಲಭವಾಗಿ ಸಿಗುತ್ತದೆ, ಊರ ದೀಪಗಳ ನಡುವೆ ಎಂ33 ಕಣ್ಣಿಗೇ ಬೀಳುವುದಿಲ್ಲ. ಉಂಗುರದ ಅಗಲ ಒಂದೂವರೆ ಆರ್ಕ್‌ಮಿನಿಟ್ (ಡಿಗ್ರಿಯ ಅರವತ್ತರಲ್ಲೊಂದು ಪಾಲು) ಕೂಡ ಇಲ್ಲ. ಎಂ33 ಸುಮಾರು 70ಕ್ಕೆ 40 ಆರ್ಕ್‌ಮಿನಿಟ್ ಹರಡಿದೆ, ಹುಣ್ಣಿಮೆ ಚಂದ್ರನ ಎರಡರಷ್ಟು ಉದ್ದ. ಒಂದು ಮಿಳ್ಳೆ ತುಪ್ಪವನ್ನು ಇಡ್ಲಿಯ ಮೇಲೆ ಸುರಿಯುವುದಕ್ಕೂ ಹೆಂಚಿನಗಲದ ದೋಸೆಗೆ ಸವರುವುದಕ್ಕೂ ಇರುವ ಅಂತರ ಇದು. ಆದ್ದರಿಂದ ನನ್ನ ಮತ ‘ತೆಳು’ವಿಗೆ: ತೆಳುಬೆಳಕಿನ ಗೆಲಾಕ್ಸಿ. ‘ಸರ್ಫೇಸ್ ಬ್ರೈಟ್‌ನೆಸ್’ಗೆ ‘ಹರವಿನ ಕಾಂತಿ’ ಎನ್ನಬಹುದು.

ಹರವಿನ ಕಾಂತಿಯ ಲೆಕ್ಕವನ್ನೂ ಕೈಪಿಡಿಯಲ್ಲಿ ಕೊಡಿ. ಎಂ33ರ ಸರಾಸರಿ, ಚದರ ಆರ್ಕ್‌ಸೆಕೆಂಡಿಗೆ (ಆರ್ಕ್‌ಮಿನಿಟಿನ ಅರವತ್ತರಲ್ಲೊಂದು ಪಾಲು ಆರ್ಕ್‌ಸೆಕೆಂಡ್) ಕಾಂತಿಮಾನ ಸುಮಾರು 23. ಒಳ್ಳೆಯ ಕತ್ತಲೆಯ ಆಕಾಶ ಸುಮಾರು 22. ಅಂಥಲ್ಲಿ ಗೆಲಾಕ್ಸಿ ಆಕಾಶದ ಬೆಳಕಿಗೆ ಶೇ. 40ರಷ್ಟು ಸೇರಿಸುತ್ತದೆ. ಆಕಾಶ 18ಕ್ಕೆ ಇಳಿದ ನಗರದಲ್ಲಿ ಅದೇ ಗೆಲಾಕ್ಸಿ ಸೇರಿಸುವುದು ಶೇ. 1. ಈ ಎರಡನೆಯ ಸ್ಥಿತಿಗೆ ‘ಮಬ್ಬು’ ಹೊಂದುತ್ತದೆ. ಮಬ್ಬುಗತ್ತಲೆ, ಮೋಡ ಮಬ್ಬು ಎನ್ನುವಾಗ ಮಬ್ಬು ಕವಿಯುವುದು ಸುತ್ತಲಿಗೆ ತಾನೇ? ತೆಳುವಿಗೆ ಮದ್ದು ಹೆಚ್ಚು ಹೊತ್ತಿನ ಎಕ್ಸ್‌ಪೋಶರ್. ಮಬ್ಬಿಗೆ ಮದ್ದು ಊರಿಂದಾಚೆ, ಚಂದ್ರನಿಲ್ಲದ ರಾತ್ರಿ.

ಹೊತ್ತು ಎಂದರೆ ಒಟ್ಟು ಹೊತ್ತು. ಎಫ್/6, ಐಎಸ್‌ಒ 800, ತಲಾ 180 ಸೆಕೆಂಡಿನ 60 ಚಿತ್ರ ತೆಗೆದರೆ ಮೂರು ಗಂಟೆ. ಹಿಸ್ಟೋಗ್ರಾಮಿನ (ಎಡದ ಕಪ್ಪಿನಿಂದ ಬಲದ ಬಿಳಿಯವರೆಗೆ ಎಷ್ಟೆಷ್ಟು ಪಿಕ್ಸೆಲ್ ಎಂದು ಕ್ಯಾಮೆರಾ ತೋರಿಸುವ ನಕ್ಷೆ) ಗುಡ್ಡ ಎಡಗೋಡೆಗೆ ಅಂಟಿಕೊಂಡಿರಬಾರದು; ಕಾಲುಭಾಗಕ್ಕೆ ಬಂದರೆ ಸಾಕು. ಆಮೇಲೆ ಚಿತ್ರಗಳನ್ನೆಲ್ಲ ಒಂದಾಗಿಸುವ ‘ಸ್ಟ್ಯಾಕಿಂಗ್’ಗೆ ಕರಡಿನಲ್ಲಿ ‘ಪೇರಿಸುವುದು’ ಇದ್ದರೆ ಒಂದು ಮಾತು ಸೇರಿಸಿ: ತಂತ್ರಾಂಶ ಅಲ್ಲಿ ಮಾಡುವುದು ಸರಾಸರಿ. ಗೆಲಾಕ್ಸಿ ಬೆಳಗುವುದಿಲ್ಲ, ರವೆರವೆಯಾದ ಹಿನ್ನೆಲೆ ನುಣುಪಾಗುತ್ತದೆ. ರವೆ ಅರ್ಧಕ್ಕೆ ಇಳಿಯಲು ನಾಲ್ಕು ಪಟ್ಟು ಚಿತ್ರ ಬೇಕು.

‘ಮಸುಕು’ ಫೋಕಸ್ ತಪ್ಪಿದ್ದಕ್ಕೇ ಮೀಸಲಾಗಲಿ. ರಾತ್ರಿ ತಂಪೇರಿದಂತೆ ಕೊಳವೆ ಕುಗ್ಗಿ ಫೋಕಸ್ ಸರಿಯುತ್ತದೆ. ಗಂಟೆಗೊಮ್ಮೆ ಬಾಹ್ತಿನೊವ್ ಮುಸುಕು (ಫೋಕಸ್ ಪರೀಕ್ಷಿಸಲು ದೂರದರ್ಶಕದ ಬಾಯಿಗೆ ಹಾಕುವ ಸೀಳುಗಳ ಬಿಲ್ಲೆ) ಹಾಕಿ ಪ್ರಖರ ನಕ್ಷತ್ರದ ಮೇಲೆ ನೋಡಬೇಕು. (ಮಸುಕು ತೆಗೆಯಲು ಮುಸುಕು. ಕನ್ನಡದಲ್ಲಷ್ಟೇ ಸಿಗುವ ಚಂದ.)

ನಾಲ್ಕನೆಯದು ‘ಎಳೆತ’, ನಕ್ಷತ್ರಗಳು ಗೆರೆಯಾಗುವುದು. 4.3 ಮೈಕ್ರಾನ್ ಪಿಕ್ಸೆಲ್ ಆದರೆ ಈ ದೂರದರ್ಶಕದಲ್ಲಿ ಒಂದು ಪಿಕ್ಸೆಲ್ಲಿಗೆ 1.85 ಆರ್ಕ್‌ಸೆಕೆಂಡ್. ಮೋಟಾರು ನಿಂತರೆ ಎಂ33 ಸೆಕೆಂಡಿಗೆ ಏಳು ಪಿಕ್ಸೆಲ್ ಜಾರುತ್ತದೆ. ಮೋಟಾರು ಓಡುತ್ತಿದ್ದರೂ ಮೌಂಟಿನ ಅಕ್ಷ ಧ್ರುವಕ್ಕೆ ಗುರಿಯಿಟ್ಟಿರಬೇಕು. ಬೆಂಗಳೂರಿನ ಅಕ್ಷಾಂಶ 13 ಡಿಗ್ರಿ, ಧ್ರುವ ನಕ್ಷತ್ರ ದಿಗಂತದಿಂದ ಅಷ್ಟೇ ಮೇಲೆ. ಎಷ್ಟೋ ಸಲ ಮರ, ಧೂಳಿನ ಹಿಂದೆ. ಮೌಂಟಿನ ಅಕ್ಷ ಇಷ್ಟು ಮಲಗಿದಾಗ ತೂಕದ ಗುಂಡು ಮುಕ್ಕಾಲಿಯ ಕಾಲಿಗೆ ತಾಗುವುದುಂಟು. ಉತ್ತರದ ದೇಶಗಳ ಕೈಪಿಡಿಯಿಂದ ಅನುವಾದಿಸಿದರೆ ಈ ತೊಡಕಿನ ಸುಳಿವೇ ಸಿಗುವುದಿಲ್ಲ. ಮುಕ್ಕಾಲಿಗೂ ಮೌಂಟಿಗೂ ನಡುವೆ ಗಿಡ್ಡ ಕಂಬ ಕೊಟ್ಟರೆ ಬಿಡುವು ಸಿಗುತ್ತದೆ.

ಉತ್ತರ 2:
‘ತೆಳು’ ಒಪ್ಪಿದೆ. ‘ಚೌಕಟ್ಟು’ ಎಂದರೆ ಗೋಡೆಯ ಫೋಟೊಗೆ ಕಟ್ಟಿಸುವುದು. ಇಲ್ಲಿ ‘ಚಿತ್ರ’ ಸಾಕು. ‘ಕಪ್ಪು ಚಿತ್ರ’ ಎಂದರೆ ನಕ್ಷತ್ರವಿಲ್ಲದ ಆಕಾಶದ ಕಡೆ ತಿರುಗಿಸುವವರಿದ್ದಾರು. ‘ಮುಚ್ಚಳದ ಚಿತ್ರ’ ಎನ್ನಿ, ಮಾಡುವ ಕೆಲಸವೇ ಹೆಸರಾಗುತ್ತದೆ: ಮುಚ್ಚಳ ಹಾಕಿ, ಅದೇ ಐಎಸ್‌ಒ, ಅದೇ 180 ಸೆಕೆಂಡ್, ಅದೇ ತಂಪಿನಲ್ಲಿ 20–30 ಚಿತ್ರ. ಮರುದಿನ ಮಧ್ಯಾಹ್ನ ಮನೆಯೊಳಗೆ ತೆಗೆದರೆ ಸಂವೇದಕದ ಬಿಸಿ ಬೇರೆಯಾಗಿ ಕಳೆಯುವ ಲೆಕ್ಕ ತಪ್ಪುತ್ತದೆ. ಡಿಎಸ್‌ಎಲ್‌ಆರ್‌ನ ವ್ಯೂಫೈಂಡರನ್ನೂ ಮುಚ್ಚಬೇಕು, ಅಲ್ಲಿಂದಲೂ ಬೆಳಕು ನುಸುಳುತ್ತದೆ.

‘ಫ್ಲಾಟ್’ಗೆ ‘ಸಮಬೆಳಕಿನ ಚಿತ್ರ’. ದೂರದರ್ಶಕದ ಬಾಯಿಗೆ ಬಿಳಿ ಪಂಚೆ ಬಿಗಿದು, ಮುಂಜಾನೆಯ ಆಕಾಶಕ್ಕೆ ಹಿಡಿದು, ಹಿಸ್ಟೋಗ್ರಾಮ್ ನಡುಮಧ್ಯಕ್ಕೆ ಬರುವಂತೆ ತೆಗೆಯುವುದು. ಗೆಲಾಕ್ಸಿಯ ಕೊನೆಯ ಚಿತ್ರ ತೆಗೆದ ಮೇಲೆ ಅಷ್ಟರವರೆಗೆ ಕ್ಯಾಮೆರಾ ತಿರುಗಿಸಬಾರದು, ಫೋಕಸ್ ಮುಟ್ಟಬಾರದು. ಮುಟ್ಟಿದರೆ ಧೂಳಿನ ಕಲೆ ಅಳಿಯುವ ಬದಲು ಪಕ್ಕದಲ್ಲೇ ಬಿಳಿಯ ಜೋಡಿ ಮೂಡುತ್ತದೆ. ಆ ಕಲೆಗೆ ಇಂಗ್ಲಿಷಿನ ‘ಡೋನಟ್’ ನೋಡಿ ಯಾರಾದರೂ ‘ಉದ್ದಿನವಡೆ’ ಎಂದಾರು. ನಡುವೆ ತೂತು ಬೀಳುವುದು ಕನ್ನಡಿಯ ದೂರದರ್ಶಕದಲ್ಲಿ, ಎದುರಿನ ಚಿಕ್ಕ ಕನ್ನಡಿ ಬೆಳಕಿಗೆ ಅಡ್ಡ ನಿಲ್ಲುವುದರಿಂದ. ನಿಮ್ಮ ಮಸೂರದ ಕೊಳವೆಯಲ್ಲಿ ಕಲೆಗೆ ತೂತಿಲ್ಲ. ಹಪ್ಪಳ ಎನ್ನಬೇಕಾದೀತು!

ಮತ್ತೆ ಪ್ರಶ್ನೆ ಕೇಳಿದವರು:
ತಿದ್ದಿದ ಸಾಲು ಹೀಗಿದೆ: ‘ಸುರುಳಿಯ ತೋಳು ತೆಳುವಾಗಿದ್ದರೆ ಇನ್ನಷ್ಟು ಚಿತ್ರ ಸೇರಿಸಿ, ಹಿನ್ನೆಲೆ ಮಬ್ಬಾಗಿದ್ದರೆ ಜಾಗ ಬದಲಿಸಿ, ನಕ್ಷತ್ರ ಮಸುಕಾಗಿದ್ದರೆ ಫೋಕಸ್, ಎಳೆದಿದ್ದರೆ ಧ್ರುವದ ಹೊಂದಿಕೆ ನೋಡಿ.’ ಉಳಿದದ್ದು ‘ಸ್ಟ್ರೆಚ್’, ಅಂದರೆ ಕೊನೆಗೆ ತಂತ್ರಾಂಶದಲ್ಲಿ ಚಿತ್ರದ ಕಪ್ಪು ಭಾಗವನ್ನು ಬೆಳಗಿಸುವುದು. ಕರಡಿನ ‘ಹಿಗ್ಗಿಸಿ’ ಓದಿದವರು ಚಿತ್ರವನ್ನು ದೊಡ್ಡದು ಮಾಡಿಯಾರು.

ಉತ್ತರ 1:
‘ನೆರಳೆತ್ತಿ’ ಹೇಗೆ? ಸರಾಸರಿ ತೆಗೆದ ಕಡತ ಮೊದಲು ಬರೀ ಕಪ್ಪಾಗಿ, ನಾಲ್ಕಾರು ಚುಕ್ಕೆಯಾಗಿ ಕಾಣುತ್ತದೆ. ಮಾಡುವುದು ಆ ಕಪ್ಪಿನಲ್ಲಿ ಅಡಗಿದ್ದನ್ನು ಎತ್ತುವ ಕೆಲಸ. ಒಂದೇ ಸಲಕ್ಕೆ ಎತ್ತಿದರೆ ಗೆಲಾಕ್ಸಿಯ ನಡುಭಾಗ ಸುಟ್ಟು ಬಿಳಿಯಾಗುತ್ತದೆ, ಐದಾರು ಕಂತಿನಲ್ಲಿ ಎತ್ತಿ. ಪ್ರತಿ ಕಂತಿನ ಬಳಿಕ ಕಪ್ಪಿನ ಗುಂಡಿಯನ್ನು (ಎಲ್ಲಿಂದ ಕೆಳಗೆ ಪೂರ್ತಿ ಕಪ್ಪು ಎಂದು ತಂತ್ರಾಂಶದಲ್ಲಿ ಗೊತ್ತುಮಾಡುವುದು) ಹಿಸ್ಟೋಗ್ರಾಮಿನ ಗುಡ್ಡದ ಎಡಬುಡದ ತನಕ ಮಾತ್ರ ತನ್ನಿ. ಬುಡ ಕತ್ತರಿಸಿದರೆ ಮೊದಲು ಹೋಗುವುದು ಹೊರಗಿನ ತೋಳು.