ಕಲ್ಲಾದ ಹಲ್ಲುಪೇಸ್ಟು: ಅತ್ತಿಗೆ ಕೇಳಿದ್ದಕ್ಕೆ

ಅತ್ತಿಗೆ, ತೆಂಗಿನೆಣ್ಣೆ, ಅಡುಗೆ ಸೋಡಾ, ಉಪ್ಪು ಹಾಕಿ ಮಾಡಿದ ಪೇಸ್ಟು ಡಬ್ಬಿಯಲ್ಲೇ ಕಲ್ಲಾಯ್ತು, ಮಕ್ಕಳಿಗೂ ಕೊಡಬಹುದಾ ಅಂತ ಕೇಳಿದ್ರಲ್ಲ. ಟೈಪ್ ಮಾಡೋಕೆ ಉದ್ದ ಆಗ್ತದೆ, ಹೇಳಿಯೇ ಬಿಡ್ತೇನೆ, ನಿಧಾನಕ್ಕೆ ಕೇಳಿ.

ಮೊದಲು ಮಕ್ಕಳ ಮಾತು. ಮಕ್ಕಳಿಗೆ ಬೇಡ. ಮನೆಯಲ್ಲಿ ಮಾಡಿದ್ದರಲ್ಲಿ ಫ್ಲೋರೈಡ್ ಇರೋದಿಲ್ಲ, ಹುಳುಕು ತಡೆಯೋದು ಮುಖ್ಯವಾಗಿ ಅದೇ. ಅವರಿಗೆ 1000 ಪಿಪಿಎಂ, ಅಂದ್ರೆ ಹತ್ತು ಲಕ್ಷ ಪಾಲಿಗೆ ಸಾವಿರ ಪಾಲು, ಫ್ಲೋರೈಡ್ ಇರುವ ಪೇಸ್ಟೇ ಇರಲಿ. ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಆಮೇಲೆ ಆರು ವರ್ಷದ ತನಕ ಬಟಾಣಿ ಕಾಳಿನಷ್ಟು. ನೀವೂ ಅಣ್ಣನೂ ಮನೆಯದ್ದನ್ನು ಬೆಳಿಗ್ಗೆ ಉಪಯೋಗಿಸಿ, ರಾತ್ರಿ ಮಲಗುವ ಮುಂಚೆ ಫ್ಲೋರೈಡ್ ಪೇಸ್ಟೇ.

ಈಗ ಕಲ್ಲಾದದ್ದು. ತೆಂಗಿನೆಣ್ಣೆ 24 ಡಿಗ್ರಿ ಆಸುಪಾಸಿನಲ್ಲೇ ಹೆಪ್ಪುಗಟ್ತದೆ. ನಮ್ಮ ಮಡಿಕೇರಿ ಮಳೆಗೆ, ಚಳಿಗೆ ಅದು ಕರಗಿ ನಿಲ್ಲೋದೇ ಇಲ್ಲ. ಇನ್ನೊಂದು, ಬಿಸಿ ಎಣ್ಣೆಗೆ ಪುಡಿ ಸುರಿದ್ರೆ ಪುಡಿಯೆಲ್ಲ ಅಡಿಗೆ ಕೂತು ಗಟ್ಟಿಯಾಗ್ತದೆ, ಎಣ್ಣೆ ಮೇಲೆ ಬೇರೆ ಪದರ ಆಗ್ತದೆ. ಅದಕ್ಕೇ ಇಲ್ಲಿಯ ಹವೆಗೆ ಒಂದೂವರೆ ದೊಡ್ಡ ಚಮಚ ತೆಂಗಿನೆಣ್ಣೆ, ಒಂದೂವರೆ ಎಳ್ಳೆಣ್ಣೆ ಹಾಕಿ. ಎಳ್ಳೆಣ್ಣೆ ಈ ಚಳಿಗೆ ಗಟ್ಟಿಯಾಗೋದಿಲ್ಲ. ಬೇಸಿಗೆಯಲ್ಲಿ ಮೂರೂ ಚಮಚ ತೆಂಗಿನೆಣ್ಣೆಯೇ ಸಾಕು.

ಪುಡಿಗೆ ನಾಲ್ಕು ದೊಡ್ಡ ಚಮಚ ಕ್ಯಾಲ್ಸಿಯಂ ಕಾರ್ಬೊನೇಟ್, ತಿನ್ನುವ ದರ್ಜೆಯದ್ದು ಅಂತ ಕೇಳಿಯೇ ತಗೊಳ್ಳಿ. ಬೋರ್ಡಿಗೆ ಬರೆಯುವ ಚಾಕ್‌ಪೀಸು, ಎಲೆಅಡಿಕೆಯ ಸುಣ್ಣ ಎರಡೂ ಬೇಡವೇ ಬೇಡ, ಸುಣ್ಣ ಬಾಯಿ ಸುಡ್ತದೆ. ಅಡುಗೆ ಸೋಡಾ ಒಂದು ದೊಡ್ಡ ಚಮಚ. ಬಟ್ಟೆ ಒಗೆಯುವ ಸೋಡಾ ಬೇರೆ, ಅದು ತೀಕ್ಷ್ಣ, ಡಬ್ಬಿ ನೋಡಿ ತೆಗೀರಿ. ಉಪ್ಪು ಕಾಲು ಟೀ ಚಮಚ, ಅದೂ ಹಿಟ್ಟಿನ ಹಾಗೆ ನುಣ್ಣಗೆ. ಲವಂಗ ಅರೆದು ಹಾಕೋದಾದ್ರೆ ಕಾಲು ಟೀ ಚಮಚ, ಮಿಕ್ಸಿಯಲ್ಲಿ ಎಷ್ಟು ತಿರುಗಿಸಿದ್ರೂ ತರಿ ಉಳೀತದೆ, ತೆಳು ಬಟ್ಟೆಯಲ್ಲಿ ಸೋಸಲೇಬೇಕು. ಬೆರಳ ನಡುವೆ ಉಜ್ಜಿ ನೋಡಿ, ಮರಳಿನ ಹಾಗೆ ಸಿಕ್ಕಿದ್ರೆ ಹಲ್ಲಿಗೂ ಹಾಗೇ ಸಿಗ್ತದೆ. ಹೊಟ್ಟಿನ ಬೂದಿ, ಇದ್ದಿಲ ಪುಡಿ ಹಳೇ ಪದ್ಧತಿ ಸರಿ, ಆದ್ರೆ ದಿನಾ ಉಜ್ಜಿದ್ರೆ ಹಲ್ಲು ಸವೀತದೆ.

ತೆಂಗಿನೆಣ್ಣೆ ಕರಗಿಸಿ, ಎಳ್ಳೆಣ್ಣೆ ಸೇರಿಸಿ ಆರೋಕೆ ಬಿಡಿ. ಲವಂಗದ ಎಣ್ಣೆ ಇದ್ರೆ ಲವಂಗದ ಪುಡಿ ಬಿಟ್ಟು ಅದನ್ನೇ ನಾಲ್ಕು ಹನಿ ಈಗ ಹಾಕಿ. ಪುಡಿಯ ಮೇಲೆ ಹನಿಸಿದ್ರೆ ಒಂದೇ ಕಡೆ ಉಳಿದು ವಸಡು ಉರೀತದೆ. ಎಣ್ಣೆ ಮಂಜು ಮಂಜಾಗಿ ದಪ್ಪ ಆಗೋಕೆ ಶುರುವಾದಾಗ ಪುಡಿ ಸ್ವಲ್ಪ ಸ್ವಲ್ಪ ಹಾಕಿ ತಿರುಗಿಸ್ತಾ ಇರಿ, ಬೆಣ್ಣೆಯ ಹದಕ್ಕೆ ಬರ್ತದೆ. ಗಟ್ಟಿ ಅನ್ನಿಸಿದ್ರೆ ಎಳ್ಳೆಣ್ಣೆ ಅರ್ಧ ಚಮಚ. ನೀರು ಒಂದು ಹನಿಯೂ ಬೇಡ, ಈ ತೇವಕ್ಕೆ ಬೂಷ್ಟು ಹಿಡೀತದೆ. ಒದ್ದೆ ಬ್ರಶ್ಶನ್ನೂ ಡಬ್ಬಿಗೆ ಅದ್ದಬೇಡಿ, ಒಣ ಚಮಚದಲ್ಲಿ ತೆಗೀರಿ.

ಬೆಳ್ಳಗಾಗಲಿ ಅಂತ ನಿಂಬೆರಸ ಹಿಂಡೋರಿದ್ದಾರೆ, ದಯವಿಟ್ಟು ಬೇಡ. ಹುಳಿ ಹಲ್ಲಿನ ಹೊರಪದರ ಮೆತ್ತಗೆ ಮಾಡ್ತದೆ. ನಮ್ಮ ಕೊಡಗಿನ ಕಾಚಂಪುಳಿ ಅನ್ನೋ ಹುಳಿರಸ ಹಾಕಿದ ಪಂದಿ ಕರಿ (ಹಂದಿ ಸಾರು) ಉಂಡ ತಕ್ಷಣ ಉಜ್ಜೋದೂ ಅದಕ್ಕೇ ಒಳ್ಳೇದಲ್ಲ, ಬಾಯಿ ಮುಕ್ಕಳಿಸಿ ಅರ್ಧ ಗಂಟೆ ಬಿಡಿ. ಸಿಹಿಗೆ ಕ್ಸಿಲಿಟಾಲ್ ಅನ್ನೋ ಸಕ್ಕರೆ ಬದಲಿ ಹಾಕೋದಾದ್ರೆ ನಾಯಿಗೆ ಎಟುಕದ ಹಾಗೆ ಇಡಿ, ನಾಯಿಗಳಿಗೆ ಅದು ಪ್ರಾಣಾಂತಿಕ. ನೊರೆ ಬರೋದಿಲ್ಲ, ನೊರೆ ಬೇಕಾಗಿಯೂ ಇಲ್ಲ, ಎರಡು ನಿಮಿಷ ಉಜ್ಜಿ. ಉಗುಳೋದು ಸಿಂಕಿಗಲ್ಲ, ಎಣ್ಣೆ ಪೈಪಿನಲ್ಲಿ ಹೆಪ್ಪುಗಟ್ತದೆ.

ಈಗಿರುವ ಡಬ್ಬಿ ಬಿಸಾಡಬೇಡಿ. ಬಿಸಿನೀರಿನ ಪಾತ್ರೆಯಲ್ಲಿಟ್ಟು ಮೆತ್ತಗಾದ ಮೇಲೆ ಒಂದು ಚಮಚ ಎಳ್ಳೆಣ್ಣೆ ಹಾಕಿ, ಆರುವ ತನಕ ತಿರುಗಿಸಿ. ಕಲ್ಲುಪ್ಪು ಹಾಕಿದ್ರೆ ಮಾತ್ರ ಅದು ಹಲ್ಲಿಗೆ ಬೇಡ, ಪಾತ್ರೆ ತಿಕ್ಕೋಕೆ ಇಟ್ಟುಕೊಳ್ಳಿ.