ಅಪ್‌ಡೇಟ್: ವ್ಯಾನಿನ ತಲೆಗೆ ತೂತು ಕೊರೆದಾಯ್ತು, ಮಳೆಯೂ ಬಂತು

ಹಳೇ ಟೆಂಪೋ ಟ್ರಾವೆಲರ್‌ನ ಕ್ಯಾಂಪರ್ (ಒಳಗೇ ಮಲಗೋ ಪ್ರವಾಸದ ವ್ಯಾನ್) ಮಾಡ್ತಿದ್ದೀನಿ, ಚಾವಣಿಗೆ 400×400 ಮಿ.ಮೀ. ಬೆಳಕಿಂಡಿ ಕೂರಿಸೋಕೆ, ಸಂದಿಯಲ್ಲಿ ನೀರು ಇಳಿಯದ ಹಾಗೆ ಸಿಲಿಕೋನ್ ಅಂಟು ಸಾಕಾ ಅಂತ ಕೇಳಿದ್ದೆನಲ್ಲ, ಅವನೇ ನಾನು. ಬೇಡ, ಬ್ಯುಟೈಲ್ (ಮೆತ್ತಗಿರೋ ಅಂಟು ರಬ್ಬರ್ ಪಟ್ಟಿ) ಹಾಕು ಅಂದವರಿಗೆಲ್ಲ ಒಂದೊಂದು ಬೈಟು ಕಾಫಿ ಬಾಕಿ.

ಎಸ್.ಜೆ.ಪಿ. ರಸ್ತೆಯಲ್ಲಿ ಜಿಗ್‌ಸಾಗೆ (ಕರೆಂಟ್ ಗರಗಸ) ಹಾಕೋ, ತಗಡು ಕೊಯ್ಯೋ ಬ್ಲೇಡ್ ತಂದೆ. ಚಾವಣಿಯ ಅಡ್ಡಪಟ್ಟಿಗಳಿಗೆ ತಾಗದ ಹಾಗೆ ಗುರುತು ಹಾಕಿ, ಮೂಲೆಗಳಲ್ಲಿ ತೂತು ಕೊರೆದು, ಕೊಯ್ದೆ. ಮೊದಲ ತೂತು ಬಿದ್ದಾಗ ಎದೆ ಧಸಕ್ ಅಂತು, ಸುಳ್ಳು ಹೇಳಲ್ಲ. ಕೊಯ್ದ ಅಂಚಿಗೆ ಎರಡು ಕೋಟ್ ಪ್ರೈಮರ್, ಒಳಗಿನಿಂದ ಮರದ ಚೌಕಟ್ಟು. ಅದಿಲ್ಲದಿದ್ರೆ ಸ್ಕ್ರೂ ಬಿಗಿದಾಗ ತಗಡೇ ಬಗ್ಗುತ್ತೆ.

ಎಡವಿದ್ದು ಎರಡು ಕಡೆ. ಕಬ್ಬಿಣದ ಪುಡಿಯನ್ನ ಪೊರಕೆಯಲ್ಲಿ ಗುಡಿಸಿ ಸುಮ್ಮನಾದೆ. ರಾತ್ರಿ ಇಬ್ಬನಿ ಬಿದ್ದು, ಬೆಳಗ್ಗೆ ಬಿಳಿ ಪೇಂಟ್ ಮೇಲೆಲ್ಲ ತುಕ್ಕಿನ ಚುಕ್ಕೆ! ಆಯಸ್ಕಾಂತವನ್ನ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಆಡಿಸಿದ್ರೆ ಮುಗಿದಿರೋದು. ಇನ್ನೊಂದು, ಚಾವಣಿ ಸಪಾಟಾಗಿಲ್ಲ, ಉದ್ದಕ್ಕೂ ಏಣು ತಗ್ಗು. ನಾನು ಸುತ್ತಲೂ ಒಂದೇ ಪದರ ಬ್ಯುಟೈಲ್ ಟೇಪ್ ಹಾಕಿದ್ದೆ. ಬಕೆಟ್ ನೀರು ಸುರಿದಾಗ ಒಂದು ಹನಿಯೂ ಇಳೀಲಿಲ್ಲ. ಆದರೆ ಸಂಜೆಯ ಬೆಂಗಳೂರು ಮಳೆ ಬಕೆಟ್ ಲೆಕ್ಕ ಕೇಳುತ್ತಾ? ಸೀದಾ ಹಾಸಿಗೆ ಮೇಲೇ ತೊಟ್ಟಿಕ್ತು.

ಬ್ಯುಟೈಲ್ ಗಟ್ಟಿಯಾಗಲ್ಲ, ಹಾಗಾಗಿ ಬಿಚ್ಚೋದು ಸುಲಭವಾಯ್ತು. ತಗ್ಗುಗಳಿಗೆ ಇನ್ನೊಂದು ಪದರ ತುಂಬಿ, ಸ್ಕ್ರೂಗಳನ್ನ ಎದುರು ಬದುರಾಗಿ ಕೈಯಲ್ಲೇ ಬಿಗಿದೆ. ಆಮೇಲೆ ಮೂರು ಮಳೆ ಆಗಿದೆ, ಒಳಗೆ ಒಣಗಿದೆ. ಅಮ್ಮ ಮಾತ್ರ ಇನ್ನೂ ಅಲ್ಲೊಂದು ಪಾತ್ರೆ ಇಟ್ಟೇ ಇದ್ದಾರೆ.