ಲಿವರ್‌ನಲ್ಲಿ ಎಕ್ಸಾನ್ ಹೋಗಿದೆ, ಪ್ರೋಟೀನ್ ಮಾತ್ರ ಹಾಗೇ ಇದೆ. ಯಾಕೆ?

ಇಲಿಬೋನು:

ಎಲ್ಲರಿಗೂ ನಮಸ್ಕಾರ. ಪಿಎಚ್‌ಡಿ ಮೂರನೇ ವರ್ಷ, ಬೆಂಗಳೂರು. ಎರಡು ವಾರದಿಂದ ನಿದ್ದೆ ಸರಿಯಾಗಿ ಬರುತ್ತಿಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನನ್ನ ಜೀನನ್ನು ಇಡೀ ಇಲಿಯಲ್ಲಿ ತೆಗೆದರೆ ಮರಿ ಹೊಟ್ಟೆಯಲ್ಲೇ ಸಾಯುತ್ತದೆ. ಹಾಗಾಗಿ ಲಿವರ್‌ನಲ್ಲಿ ಮಾತ್ರ ತೆಗೆಯುವ ಕಂಡೀಷನಲ್ ನಾಕೌಟ್. ಎಕ್ಸಾನ್ (ಜೀನಿನಲ್ಲಿ ಪ್ರೋಟೀನ್ ಸೂಚನೆ ಇರುವ ತುಂಡು) 3ರ ಆಚೀಚೆ ಇರುವ ಇಂಟ್ರಾನ್‌ಗಳಲ್ಲಿ (ಎಕ್ಸಾನ್‌ಗಳ ನಡುವಿನ ಭಾಗ) ಒಂದೊಂದು ಲಾಕ್ಸ್‌ಪಿ (ಕ್ರೀ ಎಂಜೈಮ್ ಗುರುತಿಸಿ ಕತ್ತರಿಸುವ ಚಿಕ್ಕ ಡಿಎನ್‌ಎ ಗುರುತು) ಕೂರಿಸಿದೆವು. ಡಿಸೈನ್ ಪೂರ್ತಿ ನನ್ನದೇ. ಆ ಎಕ್ಸಾನ್ ಜೀನಿನ ಶುರುವಿಗೆ ಹತ್ತಿರ ಇದೆ, ಎಲ್ಲ ಟ್ರಾನ್ಸ್‌ಕ್ರಿಪ್ಟ್‌ಗಳಲ್ಲೂ (ಜೀನಿನ ಆರ್‌ಎನ್‌ಎ ಪ್ರತಿಗಳು) ಬರುತ್ತದೆ, ಅಕ್ಕಪಕ್ಕದ ಇಂಟ್ರಾನ್‌ಗಳಲ್ಲಿ ಜಾಗವೂ ಇತ್ತು. ಇಲಿ ಮಾಡುವ ಮುಂಚೆ ಪ್ಲಾಸ್ಮಿಡ್‌ಗೆ ಟ್ಯೂಬ್‌ನಲ್ಲೇ ಕ್ರೀ ಎಂಜೈಮ್ ಹಾಕಿ ನೋಡಿದ್ದೆ. ತುಂಡು ನೀಟಾಗಿ ಉದುರಿತ್ತು.

ಆಮೇಲೆ ಆಲ್ಬುಮಿನ್-ಕ್ರೀ (ಲಿವರ್ ಕೋಶಗಳಲ್ಲಿ ಮಾತ್ರ ಕ್ರೀ ತಯಾರಿಸುವ) ಇಲಿಗಳ ಜೊತೆ ಕ್ರಾಸ್. ಎರಡು ತಲೆಮಾರು, ಏಳು ತಿಂಗಳು. 8 ವಾರದ ಇಲಿಗಳ ಲಿವರ್‌ನಿಂದ ಡಿಎನ್‌ಎ ತೆಗೆದು ಪಿಸಿಆರ್ ಮಾಡಿದರೆ, ಕತ್ತರಿಸಿದ ಬ್ಯಾಂಡ್ ಜೋರಾಗಿದೆ, ಕತ್ತರಿಸದ್ದು ತೆಳ್ಳಗೆ ಉಳಿದಿದೆ. ಬಾಲದ ಡಿಎನ್‌ಎಯಲ್ಲಿ ಕತ್ತರಿಸಿದ ಬ್ಯಾಂಡ್ ಇಲ್ಲವೇ ಇಲ್ಲ. ಖುಷಿಪಟ್ಟೆ. ಆದರೆ ವೆಸ್ಟರ್ನ್ ಬ್ಲಾಟ್‌ನಲ್ಲಿ (ಆಂಟಿಬಾಡಿಯಿಂದ ಪ್ರೋಟೀನ್ ಹುಡುಕುವ ಪರೀಕ್ಷೆ) ಪ್ರೋಟೀನ್ ಆರಾಮಾಗಿ ಕೂತಿದೆ! 90 ಕಿಲೋಡಾಲ್ಟನ್ ಹತ್ತಿರ, ಕಂಟ್ರೋಲ್‌ನಷ್ಟೇ ದಪ್ಪ. ಮೂರು ಸಲ ಮಾಡಿದೆ. ಗೈಡ್ "ಆಂಟಿಬಾಡಿ ಬದಲಿಸು" ಅಂದರು. ಬದಲಿಸಿದೆ, ಮತ್ತೆ ಅದೇ ಕಥೆ.

ಆ ತೆಳ್ಳಗಿನ ಬ್ಯಾಂಡೇ ಇಷ್ಟು ಪ್ರೋಟೀನ್ ಕೊಡುತ್ತಿದೆಯಾ? ಬೇರೆ ಕ್ರೀ ಇಲಿ ತರಿಸಬೇಕಾ?

ಕಣಕಣ:

ಆಲ್ಬುಮಿನ್-ಕ್ರೀ ಮೇಲೆ ಸುಮ್ನೆ ಅನುಮಾನ ಬೇಡ. ಅದು ನಿಧಾನ, ನಿಜ. ಮರಿ ಹುಟ್ಟಿದಾಗ ಅರ್ಧದಷ್ಟೂ ಕತ್ತರಿಸಿರುವುದಿಲ್ಲ, ಹೆಚ್ಚುಕಮ್ಮಿ ಪೂರ್ತಿಯಾಗಲು 6 ವಾರ ಬೇಕು. ನೀವು ನೋಡಿದ್ದು 8 ವಾರಕ್ಕೆ, ಸಾಕಷ್ಟಾಯಿತು.

ತೆಳ್ಳಗಿನ ಬ್ಯಾಂಡ್ ಬರುವುದು ಲಿವರ್‌ನಲ್ಲೇ ಇರುವ ಬೇರೆ ಜೀವಕೋಶಗಳಿಂದ. ಕುಪ್ಫರ್ ಕೋಶಗಳು, ರಕ್ತನಾಳದ ಒಳಪದರದ ಕೋಶಗಳು. ಅವುಗಳಲ್ಲಿ ಆಲ್ಬುಮಿನ್ ಪ್ರೊಮೋಟರ್ (ಕ್ರೀಯನ್ನು ಚಾಲೂ ಮಾಡುವ ಸ್ವಿಚ್) ಓಡುವುದೇ ಇಲ್ಲ, ಕ್ರೀ ಎಲ್ಲಿಂದ ಬರಬೇಕು? ನಿಮ್ಮ ಜೀನ್ ಮುಖ್ಯವಾಗಿ ಹೆಪಾಟೋಸೈಟ್‌ಗಳದ್ದಾಗಿದ್ದರೆ (ಲಿವರ್‌ನ ಮುಖ್ಯ ಕೋಶಗಳು), ಆ ಕೋಶಗಳಿಂದ ಕಂಟ್ರೋಲ್‌ನಷ್ಟು ದಪ್ಪ ಬ್ಯಾಂಡ್ ಬರುವ ಮಾತೇ ಇಲ್ಲ.

ಅಂದ ಹಾಗೆ, ಕಂಟ್ರೋಲ್ ಅಂದರೆ ಕ್ರೀ ಇಲ್ಲದ ಇಲಿ ಮಾತ್ರವಾ? ಕ್ರೀ ಇದ್ದು ಲಾಕ್ಸ್‌ಪಿ ಇಲ್ಲದ್ದನ್ನೂ ಇಟ್ಟುಕೊಳ್ಳಿ. ನೆಸ್ಟಿನ್-ಕ್ರೀ ಇಲಿಗಳು (ನರಮಂಡಲದಲ್ಲಿ ಕ್ರೀ ತಯಾರಿಸುವವು) ಯಾವ ಜೀನನ್ನೂ ಕಳೆದುಕೊಳ್ಳದೆಯೇ ಸಣ್ಣಗಿರುತ್ತವೆ. ಎಷ್ಟೋ ಜನ ಅದನ್ನು ತಮ್ಮ ಜೀನಿನ ಪ್ರತಾಪ ಅಂದುಕೊಂಡಿದ್ದಾರೆ.

ಹಳೇ ಪಿಪೆಟ್:

ಎಕ್ಸಾನ್ 3 ಎಷ್ಟು ಉದ್ದ?

ಇಲಿಬೋನು:

126 ಬೇಸ್ ಸರ್. ಯಾಕೆ?

ಹಳೇ ಪಿಪೆಟ್:

ಅಲ್ಲೇ ಇದೆ ನೋಡಿ. 126 ಅನ್ನು ಮೂರರಿಂದ ಭಾಗಿಸಿ. 42, ಶೇಷ ಸೊನ್ನೆ.

ಹೈಸ್ಕೂಲಿನಲ್ಲಿ ಭೋಗ ಷಟ್ಪದಿಗೆ ಪ್ರಸ್ತಾರ ಹಾಕಿದ್ದು ನೆನಪಿದೆಯಾ? ಮೂರು ಮೂರು ಮಾತ್ರೆಯ ಗಣ. ಸಾಲಿನ ನಡುವಿನಿಂದ ಇಡೀ ಗಣವನ್ನೇ ಎತ್ತಿದರೆ ಸಾಲು ಗಿಡ್ಡವಾಗುತ್ತದೆ, ಲಯ ಕೆಡುವುದಿಲ್ಲ. ಒಂದೇ ಒಂದು ಮಾತ್ರೆ ಎತ್ತಿ ನೋಡಿ, ಅಲ್ಲಿಂದಾಚೆ ಎಲ್ಲ ಗಣವೂ ಎಡವಟ್ಟು. ರೈಬೋಸೋಮ್ ಓದುವುದೂ ಮೂರು ಮೂರು ಬೇಸ್ ಕೂಡಿಸಿಯೇ. ನೀವು 42 ಗಣ ಎತ್ತಿದ್ದೀರಿ. ಎಕ್ಸಾನ್ 2 ಹೋಗಿ 4ಕ್ಕೆ ಅಂಟಿಕೊಂಡಿತು, ಓದು ಮುಂದುವರಿಯಿತು.

42 ಅಮೈನೋ ಆಮ್ಲ ಅಂದರೆ ಹೆಚ್ಚುಕಮ್ಮಿ 4.6 ಕಿಲೋಡಾಲ್ಟನ್. 90 ಇದ್ದದ್ದು 85 ಆಯಿತು. ಮಿನಿ ಜೆಲ್‌ನಲ್ಲಿ, ಅದೂ ಬ್ಯಾಂಡ್ ದಪ್ಪಗಿದ್ದರೆ, ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ನಿಮ್ಮ ಎರಡೂ ಆಂಟಿಬಾಡಿ ಎಕ್ಸಾನ್ 3ರ ಭಾಗ ಬಿಟ್ಟು ಬೇರೆಲ್ಲೋ ಹಿಡಿಯುವಂಥವೇ ಇರಬೇಕು.

ಟ್ಯೂಬ್ ಪರೀಕ್ಷೆಯನ್ನು ನಂಬಿ ಕೂತಿರಿ ಅನ್ನಿಸುತ್ತದೆ. 34 ಬೇಸಿನ ಆ ಲಾಕ್ಸ್‌ಪಿ ಎರಡೂ ಕಡೆ ಒಂದೇ ದಿಕ್ಕಿಗಿದ್ದರೆ ನಡುವಿನದು ಉದುರುತ್ತದೆ, ಎದುರುಬದುರಾಗಿದ್ದರೆ ತಲೆಕೆಳಗಾಗಿ ಕೂರುತ್ತದೆ. ಕ್ರೀಗೆ ಗೊತ್ತಿರುವುದು ಅಷ್ಟೇ. ಉದುರಿದ್ದು ಏನು ಅಂತ ಅದು ಕೇಳುವುದಿಲ್ಲ.

ನಾಳೆ ಒಂದು ಕೆಲಸ ಮಾಡಿ. ಲಿವರ್ ಆರ್‌ಎನ್‌ಎಯಿಂದ ಸಿಡಿಎನ್‌ಎ (ಆರ್‌ಎನ್‌ಎಯ ಡಿಎನ್‌ಎ ಪ್ರತಿ) ಮಾಡಿ, ಎಕ್ಸಾನ್ 2 ಮತ್ತು 5ರಲ್ಲಿ ಪ್ರೈಮರ್ ಇಟ್ಟು ಪಿಸಿಆರ್ ಓಡಿಸಿ. ಬ್ಯಾಂಡ್ 126ರಷ್ಟು ಇಳಿದಿದ್ದರೆ ಸಂಶಯವೇ ಬೇಡ.

ಬೇಜಾರು ಮಾಡಿಕೊಳ್ಳಬೇಡಿ. ಇಎಸ್ ಕೋಶಗಳ (ಭ್ರೂಣದ ಕಾಂಡಕೋಶ) ಕಾಲದಲ್ಲಿ ನಾನು ಮೂರರ ಲೆಕ್ಕ ಸರಿ ಮಾಡಿ, ಇಂಟ್ರಾನ್‌ನಲ್ಲಿ ನಿಯೋಮೈಸಿನ್ ಕ್ಯಾಸೆಟ್ (ಸರಿಯಾದ ಕೋಶ ಆರಿಸಲು ಹಾಕುವ ತುಂಡು) ಹಾಗೇ ಬಿಟ್ಟಿದ್ದೆ. ಅದರ ಆಚೀಚೆ ಎಫ್‌ಆರ್‌ಟಿ (ಫ್ಲಿಪ್ ಎಂಜೈಮಿಗೆ ಲಾಕ್ಸ್‌ಪಿ ಥರದ ಗುರುತು) ಇತ್ತು, ಫ್ಲಿಪ್ ಇಲಿಗೆ ಒಂದು ಕ್ರಾಸ್ ಮಾಡಿದ್ದರೆ ಹೋಗುತ್ತಿತ್ತು. ಸೋಮಾರಿತನ. ಕ್ರೀ ಇಲ್ಲದ ಇಲಿಯಲ್ಲೇ ಪ್ರೋಟೀನ್ ಅರ್ಧಕ್ಕಿಳಿದಿತ್ತು. ನಿಮ್ಮದರ ಉಲ್ಟಾ.

ಕಣಕಣ:

ಛೇ, ಉದ್ದ ಕೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಒಂದು ಮಾತು: ಆ 42ರೊಳಗೆ ಆಕ್ಟಿವ್ ಸೈಟ್ ಇದ್ದರೆ ಪ್ರೋಟೀನ್ ಇದ್ದೂ ಇಲ್ಲದಂತೆ ಆಗಿರಬಹುದು. ಆದರೂ ಪೂರ್ತಿ ನಾಕೌಟ್ ಅಂತ ಬರೆಯುವ ಹಾಗಿಲ್ಲ. ಗಿಡ್ಡ ಪ್ರೋಟೀನ್ ಬೇರೆ ಪ್ರೋಟೀನ್‌ಗಳಿಗೆ ಅಂಟಿಕೊಂಡು ಹೊಸ ತರಲೆ ಮಾಡಬಹುದು.

ಇಲಿಬೋನು:

ಸರ್, ಮಾಡಿದೆ. ಸರಿಯಾಗಿ 126 ಕಡಿಮೆ. ಸೀಕ್ವೆನ್ಸ್ ಕೂಡ ಬಂತು, ಎಕ್ಸಾನ್ 2 ಮುಗಿದ ಕೂಡಲೇ 4. ಲ್ಯಾಬ್‌ನಲ್ಲಿ ಒಬ್ಬಳೇ ಇದ್ದೆ, ನಗು ಬಂತೋ ಅಳು ಬಂತೋ ಗೊತ್ತಿಲ್ಲ.

ಎಕ್ಸಾನ್ 4 ಇರುವುದು 97 ಬೇಸ್. 3 ಮತ್ತು 4 ಎರಡನ್ನೂ ತೆಗೆದರೆ 223, ಮೂರರಿಂದ ಭಾಗವಾಗುವುದಿಲ್ಲ. ಹಾಗಾದರೆ ಮೊದಲಿನಿಂದ ಹೊಸ ಇಲಿ? ಈ ಸಲ ಕ್ರಿಸ್ಪರ್‌ನಲ್ಲಿ ಎರಡು ಗೈಡ್ ಆರ್‌ಎನ್‌ಎ (ಕತ್ತರಿಸುವ ಜಾಗ ತೋರಿಸುವವು), ಎರಡು ಸಣ್ಣ ಆಲಿಗೋ (ಒಂದೊಂದು ಲಾಕ್ಸ್‌ಪಿ ಹೊತ್ತ ಡಿಎನ್‌ಎ ಎಳೆ) ಒಟ್ಟಿಗೆ ಹಾಕೋಣ ಅಂದುಕೊಂಡೆ.

ಮರಿಗಳ ಆಯಾ:

ಬೇಡಮ್ಮಾ, ಬೇಡ! ಇಲಿ ಮನೆಯಲ್ಲೇ ಹದಿನಾಲ್ಕು ವರ್ಷ ಕಳೆದವಳು ಹೇಳುತ್ತಿದ್ದೇನೆ. ಆ ಎರಡು ಆಲಿಗೋ ವಿಧಾನವನ್ನು 20 ಲ್ಯಾಬ್‌ಗಳು ಸೇರಿ ಪರೀಕ್ಷಿಸಿ 2019ರಲ್ಲಿ ಲೆಕ್ಕ ಕೊಟ್ಟಿವೆ. ಹುಟ್ಟಿದ 1,718 ಮರಿಗಳಲ್ಲಿ ಸರಿಯಾದವು 15. ನೂರಕ್ಕೆ ಒಂದೂ ಇಲ್ಲ. ಒಟ್ಟಿಗೆ ಎರಡು ಕಡೆ ಕತ್ತರಿಸಿದರೆ ನಡುವಿನ ತುಂಡೇ ಎಷ್ಟೋ ಸಲ ಹಾರಿಹೋಗುತ್ತದೆ. ಇಲ್ಲದಿದ್ದರೆ ಒಂದು ಲಾಕ್ಸ್‌ಪಿ ಅಪ್ಪನ ಕ್ರೋಮೋಸೋಮ್‌ಗೆ, ಇನ್ನೊಂದು ಅಮ್ಮನದಕ್ಕೆ. ಎರಡೂ ಲಾಕ್ಸ್‌ಪಿ ಇರುವ ಒಂದೇ ಉದ್ದ ಎಳೆ ಹಾಕುವುದು ಇದಕ್ಕಿಂತ ಎಷ್ಟೋ ವಾಸಿ.

ಆದರೆ ನಿಮಗೆ ಅದೂ ಬೇಡ. ಈಗಿರುವ ಇಲಿಗಳನ್ನು ಯಾಕೆ ಬಿಸಾಡುತ್ತೀರಿ? ಎರಡೂ ಕ್ರೋಮೋಸೋಮ್‌ನಲ್ಲಿ ಲಾಕ್ಸ್‌ಪಿ ಜೋಡಿ ಇರುವ, ಕ್ರೀ ಇಲ್ಲದ ಇಲಿಗಳನ್ನೇ ಪರಸ್ಪರ ಕೂಡಿಸಿ ಭ್ರೂಣ ತೆಗೆಯಿರಿ. ಇಂಟ್ರಾನ್ 4ರಲ್ಲಿ ಒಂದೇ ಕಡೆ ಕತ್ತರಿಸಿ. ಒಂದೇ ಆಲಿಗೋ, ಮೂರನೇ ಲಾಕ್ಸ್‌ಪಿ, ಅದೇ ದಿಕ್ಕು. ಅದು ಯಾವ ಕ್ರೋಮೋಸೋಮ್‌ಗೆ ಕೂತರೂ ಅಲ್ಲಿ ಹಳೇ ಜೋಡಿ ಇದ್ದೇ ಇದೆ. ಅಪ್ಪ-ಅಮ್ಮನ ಜಗಳವೇ ಇಲ್ಲ.

ಆಮೇಲೆ ಕ್ರೀ ಮೊದಲು ಎಕ್ಸಾನ್ 3ನ್ನು ಮಾತ್ರ ತೆಗೆದರೂ ಅಲ್ಲೊಂದು ಲಾಕ್ಸ್‌ಪಿ ಉಳಿದಿರುತ್ತದೆ, ಮುಂದೆ 4 ಕೂಡ ಹೋಗಬಹುದು. ಮೊದಲು 4 ಮಾತ್ರ ಹೋದರೆ 97, ಅಲ್ಲೇ ಓದು ಕೆಟ್ಟಿತು. ಎಕ್ಸಾನ್ 3ಕ್ಕೇ ನಿಂತ ಕೋಶಗಳು ಒಂದಿಷ್ಟು ಇರಬಹುದು, ಆ ಬ್ಯಾಂಡ್‌ಗೂ ಪ್ರೈಮರ್ ಇಟ್ಟುಕೊಳ್ಳಿ. ಹೊಸ ಲಾಕ್ಸ್‌ಪಿಯನ್ನು ಎಕ್ಸಾನ್ ಅಂಚಿನಿಂದ ನೂರಿನ್ನೂರು ಬೇಸ್ ದೂರವೇ ಇಡಿ, ಸ್ಪ್ಲೈಸಿಂಗ್ (ಎಕ್ಸಾನ್‌ಗಳನ್ನು ಜೋಡಿಸುವ) ಜಾಗ ಮುಟ್ಟಬೇಡಿ. ಮೊದಲು ಹುಟ್ಟುವ ಮರಿಗಳು ಮೊಸಾಯಿಕ್ (ಒಂದೇ ಮೈಯಲ್ಲಿ ಬೇರೆ ಬೇರೆ ಥರ ಬದಲಾದ ಕೋಶಗಳು), ಅವುಗಳ ಬಾಲ ನೋಡಿ ಕುಣಿಯಬೇಡಿ. ಅವುಗಳ ಮರಿಗಳಲ್ಲಿ ಮೂರೂ ಲಾಕ್ಸ್‌ಪಿ ಸೀಕ್ವೆನ್ಸ್ ಮಾಡಿ.

ಇಲಿಬೋನು:

ಅಕ್ಕಾ, ಇದು ತಲೆಗೇ ಬಂದಿರಲಿಲ್ಲ. ಈಗಷ್ಟೇ ಬೋನುಗಳನ್ನು ಎಣಿಸಿ ಬಂದೆ. ಅಂಥ ಇಲಿಗಳು 11 ಇವೆ, ಹೆಣ್ಣು ಬರೀ 4. ಸಾಲದು, ಮೊದಲು ಮರಿ ಹಾಕಿಸಬೇಕು. ಸೋಮವಾರ ಲ್ಯಾಬ್ ಮೀಟಿಂಗ್. 126ರ ವಿಷಯ ಗೈಡ್‌ಗೆ ಇನ್ನೂ ಹೇಳಿಲ್ಲ.

ಹಳೇ ಪಿಪೆಟ್:

ಮೀಟಿಂಗ್‌ವರೆಗೆ ಕಾಯಬೇಡಿ. ಇವತ್ತೇ ಹೇಳಿ, ಜೆಲ್ ಫೋಟೋ ಕೈಯಲ್ಲಿ ಹಿಡಿದುಕೊಂಡು ಹೋಗಿ.